ಎಂಜಿನ್ನಿನ ಬಿಕ್ಕಳಿಕೆ

ನಮ್ಮ ಊರು ನನ್ನಿವಾಳ. ಚಳ್ಳಕೆರೆಯ ಸೀಮೆಯನ್ನು ಕಣ್ಣಾರೆ ಕಂಡಿರುವ ವಾಚಕರಿಗೆ ಅದರ ವರ್ಣನೆ ಬೇಕಾಗಿಲ್ಲ. ಕಾಣದವರಿಗೆ ಇಷ್ಟು ಹೇಳಿದರೆ ಸಾಕು: ಕರ್ನಾಟಕದಲ್ಲಿ ಅತಿ ಕಡಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ನಮ್ಮದೂ ಒಂದು. ಕೆಂಪು ನೆಲ, ಕುರುಚಲು ಗಿಡ, ಕುರಿಯ ಹಿಂಡು, ಕಂಬಳಿಯ ಮಗ್ಗ, ಮುಂಗಾರು ಬಂದರೆ ಕಣ್ಣು ಹಾಯುವವರೆಗೂ ಶೇಂಗಾ. ಇದೇ ನಮ್ಮ ಸಂಪತ್ತು. ಮ್ಯಾಸ ನಾಯಕರ ಹಟ್ಟಿಗಳಲ್ಲಿ ದೇವರ ಎತ್ತುಗಳನ್ನು ಇಂದಿಗೂ ಭಕ್ತಿಯಿಂದ ಸಾಕುವ ಸೀಮೆಯಿದು. ಇಲ್ಲಿ ದೇವರನ್ನು ಬೇಡುವುದೆಂದರೆ ಮುಖ್ಯವಾಗಿ ನೀರನ್ನು ಬೇಡುವುದೆಂದೇ ಅರ್ಥ. ಅಂತಹ ನೀರಿನ ಸಲುವಾಗಿ ನಾವು ಒಂದು ಎಂಜಿನ್ನಿನೊಡನೆ ಪಟ್ಟ ಪಾಡನ್ನೂ, ಅದರ ನಡುವೆ ಮಾಡಿದ ಒಂದು ಅನ್ಯಾಯವನ್ನೂ ಗೃಹಸ್ಥರಾದ ವಾಚಕರ ಮುಂದೆ ಇಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

2023ನೆಯ ಇಸವಿಯ ಮುಂಗಾರು ವಾಚಕರಿಗೆ ನೆನಪಿರಬಹುದು. ಅಷ್ಟು ಒಣಗಿದ ಆಗಸ್ಟ್ ತಿಂಗಳನ್ನು ನಮ್ಮ ದೇಶವು 1901ರಿಂದೀಚೆಗೆ ಕಂಡಿರಲಿಲ್ಲ. ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳು ಆ ವರ್ಷ ಬರಪೀಡಿತವೆಂದು ಘೋಷಿತವಾದವು. ಸೆಪ್ಟೆಂಬರ್ ತಿಂಗಳಿನಲ್ಲಿ ನಮ್ಮ ಮೂರು ಎಕರೆ ಶೇಂಗಾ ಹೂಬಿಟ್ಟು ನಿಂತಿತ್ತು. ಹೂವಿನ ಬುಡದಿಂದ ಸೂಜಿಯಂತಹ ಎಳೆಯೊಂದು ಕೆಳಗಿಳಿದು ಮಣ್ಣನ್ನು ಹೊಗುವ ಕಾಲವದು. ಎಳೆಯು ನೆಲದೊಳಗೆ ಹೊಕ್ಕರೆ ಕಾಯಿ. ಗಟ್ಟಿನೆಲಕ್ಕೆ ತಾಗಿ ಬಾಡಿದರೆ ವರ್ಷದ ಬದುಕೇ ಬಾಡಿದಂತೆ. ಬೀಜಕ್ಕೂ ಗೊಬ್ಬರಕ್ಕೂ ಮಾಡಿದ ಸಾಲಕ್ಕಾಗಿ ನಮ್ಮ ಮನೆಯವರ ಕೈಬಳೆಗಳು ಆಗಲೇ ಅಡವು ಹೋಗಿದ್ದವು. ಹೀಗಿರಲಾಗಿ, ಅದೇ ವಾರ ಹೊಲದ ಕಡೆಯ ಟ್ರಾನ್ಸ್‌ಫಾರ್ಮರು ಸುಟ್ಟುಹೋಯಿತು. ಬೇರೊಂದು ಬರುವವರೆಗೆ ಕೊಳವೆ ಬಾವಿಗೆ ವಿದ್ಯುತ್ತಿಲ್ಲ.

ನಮ್ಮಲ್ಲಿ ಒಂದು ಡೀಸೆಲ್ ಜನರೇಟರು ಇತ್ತು. ನಾವೂ ನಮ್ಮ ತಮ್ಮನೂ ಸೇರಿ ಹಳೆಯದನ್ನೇ ಕೊಂಡು, ಟ್ರ್ಯಾಕ್ಟರಿನ ಹಿಂದೆ ಎಳೆದೊಯ್ಯುವಂತೆ ಗಾಡಿಯ ಮೇಲೆ ಕೂರಿಸಿದ್ದೆವು. ಅದರ ಮೂಲದ ಟಾಂಕಿ ತುಕ್ಕು ಹಿಡಿದು ಸೋರುತ್ತಿದ್ದುದರಿಂದ, ಬೇರೊಂದು ಟಾಂಕಿಯನ್ನು ಗಾಡಿಯ ಪಕ್ಕಕ್ಕೆ ಕಟ್ಟಿಸಿ, ಅಲ್ಲಿಂದ ಎಂಜಿನ್ನಿಗೆ ಕೊಳವೆಯನ್ನು ಜೋಡಿಸಿದವರು ಸ್ವತಃ ನಾವೇ. ಮನೆಯಲ್ಲಿ ತೋಟಕ್ಕೆ ನೀರು ಹಾಯಿಸಿ ಉಳಿದಿದ್ದ ರಬ್ಬರು ಪೈಪಿನ ತುಂಡೊಂದು ಆ ಹೊತ್ತಿಗೆ ಕೈಗೆ ಸಿಕ್ಕಿತು, ಅಳತೆ ಸರಿಹೋಯಿತು, ಹಾಕಿದೆವು. ನಮ್ಮ ಜಾಣತನವನ್ನು ನಾವೇ ಮೆಚ್ಚಿಕೊಂಡೆವು. ಈ ತುಂಡನ್ನು ವಾಚಕರು ದಯವಿಟ್ಟು ನೆನಪಿನಲ್ಲಿಡಬೇಕು. ನಾವಾದರೋ ಅದನ್ನು ಪೂರ್ತಿಯಾಗಿ ಮರೆತೆವು.

ಎಂಜಿನ್ನನ್ನು ನಡೆಸುವ ಕೆಲಸ ಒಬ್ಬ ಹುಡುಗನದು. ಅವನ ತಂದೆ ನಮ್ಮ ಹೊಲದಲ್ಲಿ ಬಹಳ ವರ್ಷ ದುಡಿದವನು. ಹುಡುಗನು ಹತ್ತನೆಯ ತರಗತಿ ಮುಗಿಸಿ, ಮುಂದೆ ಓದಲು ಅನುಕೂಲವಿಲ್ಲದೆ ನಮ್ಮಲ್ಲಿಗೇ ಬಂದಿದ್ದನು. ಚಳ್ಳಕೆರೆಯಿಂದ ಕ್ಯಾನುಗಳಲ್ಲಿ ಡೀಸೆಲ್ ತರುವವನೂ ಅವನೇ, ಟಾಂಕಿಗೆ ಸುರಿಯುವವನೂ ಅವನೇ.

ಮೊದಲ ದಿನ ಎಂಜಿನ್ನು ಚೆನ್ನಾಗಿಯೇ ಹೊರಟಿತು. ಒಂದು ಗಂಟೆಯ ಮೇಲೆ ಅದರ ದನಿಯಲ್ಲಿ ಏನೋ ವ್ಯತ್ಯಾಸ ಕೇಳಿಸಿತು. ಏರುವುದು, ಇಳಿಯುವುದು, ಮತ್ತೆ ಗಾಬರಿಗೊಂಡಂತೆ ಏರುವುದು. ವೋಲ್ಟಿನ ಮುಳ್ಳು 415ರ ಹತ್ತಿರ ನಿಲ್ಲಬೇಕಾದದ್ದು 370ಕ್ಕೆ ಜಾರಿ ಮತ್ತೆ ಮೇಲಕ್ಕೆ ಹಾರುತ್ತಿತ್ತು. ಹೊಲದ ಕಡೆ ಪೈಪಿನ ಬಾಯಲ್ಲಿ ನೀರು ಒಮ್ಮೆ ಧಾರೆಯಾಗಿ ಬಂದು, ಒಮ್ಮೆ ಬೆರಳಿನಷ್ಟಾಗಿ, ಒಮ್ಮೆ ನಿಂತೇ ಹೋಗುತ್ತಿತ್ತು.

ಇದು ಏಕೆಂಬುದನ್ನು ತಿಳಿಯಲು ಸ್ವಲ್ಪ ಲೆಕ್ಕ ಸಾಕು. ನಾಲ್ಕು ಧ್ರುವಗಳ ಜನರೇಟರು ನಿಮಿಷಕ್ಕೆ 1500 ಸುತ್ತು ತಿರುಗಿದರೆ ವಿದ್ಯುತ್ತು ಸೆಕೆಂಡಿಗೆ 50 ಆವರ್ತದಂತೆ ಹೊರಡುತ್ತದೆ. ಸುತ್ತು 1380ಕ್ಕೆ ಇಳಿದರೆ ಆವರ್ತವು 46 ಆಗುತ್ತದೆ. ಬಾವಿಯ ಮೋಟರು ಈ ಆವರ್ತವನ್ನು ಹಿಡಿದೇ ತಿರುಗುವುದು. ಪಂಪಿನ ವೇಗವು ನೂರಕ್ಕೆ 8ರಷ್ಟು ಕುಗ್ಗಿದರೆ ಅದು ನೀರನ್ನು ಎತ್ತಬಲ್ಲ ಎತ್ತರವು ನೂರಕ್ಕೆ ಸುಮಾರು 15ರಷ್ಟು ಕುಗ್ಗುತ್ತದೆ. ಐನೂರು ಅಡಿಯ ಆಳದಿಂದ ಕಷ್ಟಪಟ್ಟು ಮೇಲೆ ಬರುವ ನೀರಿಗೆ ಇಷ್ಟು ಸಾಲದೆ? ಅದು ಅರ್ಧದಾರಿಯಲ್ಲಿಯೇ ನಿಲ್ಲುತ್ತದೆ. ಮೋಟರು ಸುಮ್ಮನೆ ತಿರುಗಿ ಕಾಯುತ್ತದೆ. ಮೋಟರು ಸುಟ್ಟರೆ ಕೊಳವೆಗಳನ್ನೆಲ್ಲ ಮೇಲಕ್ಕೆಳೆಯಿಸಿ, ಸುರುಳಿ ಸುತ್ತಿಸಿ, ಮತ್ತೆ ಇಳಿಸಬೇಕು. ಆ ಖರ್ಚನ್ನು ನೆನೆದು ನಾವು ಓಡಿಹೋಗಿ ಸ್ವಿಚ್ಚನ್ನು ಆರಿಸಿದೆವು.

ನಮ್ಮ ಬಂಧುಗಳೊಬ್ಬರು ಮಲ್ಪೆಯ ಬಂದರಿನಲ್ಲಿ ಮೀನುಗಾರಿಕೆಯ ದೋಣಿಗಳ ಎಂಜಿನ್ನುಗಳನ್ನು ದುರಸ್ತಿ ಮಾಡುವವರು. ಅವರಿಗೆ ದೂರವಾಣಿಯಲ್ಲಿ ವಿಷಯ ತಿಳಿಸಿದೆವು. ಅವರು ನಕ್ಕು ಹೇಳಿದರು: “ಸಮುದ್ರದಲ್ಲಿ ದೋಣಿ ಹೊಯ್ದಾಡುವಾಗ ಟಾಂಕಿಯ ತಳದ ಕೊಳೆಯೂ ನೀರೂ ಕದಡಿ ಮೇಲೇಳುತ್ತವೆ. ದೋಣಿಯ ಜನರೇಟರು ಬಿಕ್ಕಿತೆಂದರೆ ನಾವು ಮೊದಲು ನೋಡುವುದು ಫಿಲ್ಟರನ್ನೇ. ನಿಮ್ಮ ಊರಿನಲ್ಲಿ ಸಮುದ್ರವಿಲ್ಲದಿದ್ದರೇನು, ಹೊಲದ ದಾರಿಯಿದೆಯಲ್ಲ!” ಮಾತು ಒಪ್ಪುವಂಥದೇ. ನಮ್ಮ ಕಲ್ಲುದಾರಿಯಲ್ಲಿ ಗಾಡಿಯ ಮೇಲೆ ಕುಲುಕಿಕೊಂಡು ಬರುವ ಟಾಂಕಿಗೂ ಅಲೆಯ ಮೇಲಿನ ಟಾಂಕಿಗೂ ಹೆಚ್ಚು ಭೇದವಿಲ್ಲ. ಫಿಲ್ಟರನ್ನು ಬದಲಾಯಿಸಿದೆವು. ಅದರ ತಳದ ಬಟ್ಟಲಿನಿಂದ ಕೊಳೆಯನ್ನು ಇಳಿಸಿದೆವು. ಗಾಳಿ ಸೋಸುವ ಡಬ್ಬಿಯ ಧೂಳನ್ನು ಕೊಡವಿದೆವು. ಮರುದಿನ ಟಾಂಕಿ ತುಂಬಿಸಿ ಹೊರಡಿಸಿದರೆ ಒಂದು ಗಂಟೆ ಸುಖವಾಗಿ ಓಡಿತು. ಆಮೇಲೆ ಮತ್ತೆ ಅದೇ ಬಿಕ್ಕಳಿಕೆ.

ಆಗ ನಾವು ಮಾಡಬಾರದ ಕೆಲಸವೊಂದನ್ನು ಮಾಡಿದೆವು. ಎಂಜಿನ್ನಿನ ವೇಗವನ್ನು ಕಾಯುವ ಗವರ್ನರಿಗೆ ಒಂದು ತಿರುಪಿದೆ. ಅದನ್ನು ಒಂದು ಸುತ್ತು ಬಿಗಿಮಾಡಿದೆವು. ಎಂಜಿನ್ನು ಬಿಕ್ಕುವುದನ್ನು ಬಿಟ್ಟು ಕಿರಿಚತೊಡಗಿತು. ಮೊದಲಿದ್ದಲ್ಲಿಗೆ ತಿರುಗಿಸೋಣವೆಂದರೆ ಮೊದಲು ಎಲ್ಲಿತ್ತೆಂಬುದೇ ನಮಗೆ ತಿಳಿಯದು. ರೋಗಿಗೆ ಜ್ವರ ಬಂದಾಗ ಜ್ವರ ಅಳೆಯುವ ಕಡ್ಡಿಯನ್ನು ತಿದ್ದಿದಂತಾಯಿತು ನಮ್ಮ ವೈದ್ಯ.

ಅಂದು ಸಂಜೆ ಹುಡುಗನು ಹತ್ತಿರ ಬಂದು ಮೆಲ್ಲಗೆ, “ಅಣ್ಣಾ, ಟಾಂಕಿ ತುಂಬಿದ್ದಾಗ ಚೆನ್ನಾಗೇ ಓಡುತ್ತೆ. ಅರ್ಧಕ್ಕೆ ಇಳಿದ ಮ್ಯಾಲೇ ಬಿಕ್ಕೋದು” ಎಂದನು. ಎಂಜಿನ್ನಿನ ಗುಟ್ಟೆಲ್ಲ ಆ ಒಂದು ಮಾತಿನಲ್ಲಿತ್ತು. ಆದರೆ ಕಳವಳಗೊಂಡ ಮನಸ್ಸಿಗೆ ಎದುರಿಗಿರುವ ಮಾತು ಕೇಳಿಸುವುದಿಲ್ಲ. ತಾನು ಹುಡುಕುತ್ತಿರುವ ಮಾತು ಮಾತ್ರ ಕೇಳಿಸುತ್ತದೆ. ಮೇಲಿನದು ಸರಿಯಾಗಿದ್ದು ಕೆಳಗಿನದು ಕೆಟ್ಟಿದೆಯೆಂದರೆ, ತಳದಲ್ಲಿ ಏನೋ ಬೆರೆತಿದೆ ಎಂದು ನಾವು ಎಣಿಸಿದೆವು. ಡೀಸೆಲ್ ತರುವವನಾರು? ಇವನು. ದುಡ್ಡು ಯಾರ ಕೈಯಲ್ಲಿ ಹೋಗುತ್ತದೆ? ಇವನ ಕೈಯಲ್ಲಿ. “ದಾರಿಯಲ್ಲಿ ಸೀಮೆಎಣ್ಣೆ ಗೀಮೆಎಣ್ಣೆ ಏನಾದರೂ ಬೆರೆಸಿದೆಯೇನೋ?” ಎಂದು, ನಾಲ್ಕು ಜನ ನಿಂತಿದ್ದ ಕಟ್ಟೆಯ ಮುಂದೆಯೇ ಕೇಳಿಬಿಟ್ಟೆವು.

ಹುಡುಗನು ಉತ್ತರ ಕೊಡಲಿಲ್ಲ. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಎಣ್ಣೆಬಟ್ಟೆಯನ್ನು ತೆಗೆದು ಎಂಜಿನ್ನಿನ ಮೇಲಿಟ್ಟು ಹೊರಟುಹೋದನು. ಮರುದಿನ ಅವನು ಬರಲಿಲ್ಲ. ಅವನ ತಂದೆಯೂ ಬರಲಿಲ್ಲ. ನಮ್ಮ ಮನೆಯವರು ಊಟಕ್ಕೆ ಬಡಿಸುವಾಗ, “ಅವನು ಕದಿಯುವವನಾಗಿದ್ದರೆ ಟಾಂಕಿಯ ಮಾತನ್ನು ತಾನಾಗಿ ಬಂದು ಹೇಳುತ್ತಿದ್ದನೆ?” ಎಂದಷ್ಟೇ ಹೇಳಿ ಒಳಕ್ಕೆ ಹೋದರು. ನಮಗೆ ತುತ್ತು ಗಂಟಲಲ್ಲಿ ನಿಂತಿತು. ಆದರೂ ಗೃಹಸ್ಥನ ಬಿಂಕವೆಂಬುದೊಂದಿದೆಯಷ್ಟೆ, ಸುಮ್ಮನಾದೆವು.

ಮೂರನೆಯ ದಿನ ನಮ್ಮ ಸೋದರಮಾವಂದಿರು ಬಂದರು. ಎಂಬತ್ತು ಸಮೀಪಿಸಿದ ವಯಸ್ಸು. ಚಳ್ಳಕೆರೆಯು ಎಣ್ಣೆಯ ಪಟ್ಟಣವೆಂದು ಹೆಸರಾಗಿ, ಶೇಂಗಾ ಎಣ್ಣೆಯ ಗಿರಣಿಗಳು ಹಗಲಿರುಳೂ ತಿರುಗುತ್ತಿದ್ದ ಕಾಲದಲ್ಲಿ ಅವರು ಒಂದು ಗಿರಣಿಯಲ್ಲಿ ಎಂಜಿನ್ ನಡೆಸುತ್ತಿದ್ದವರು. ಆಳೆತ್ತರದ ಗಾಲಿಯ, ನಿಧಾನವಾಗಿ ದುಡಿಯುವ ಹಳೆಯ ಎಂಜಿನ್ನು ಅವರದು. ಇಂದಿನ ಯಂತ್ರದ ವಿಷಯ ಅವರಿಗೇನು ತಿಳಿದೀತೆಂದು ನಾವು ಕೇಳಿಯೇ ಇರಲಿಲ್ಲ. ಆದರೆ ಡೀಸೆಲ್ ಎಂಜಿನ್ನಿಗೂ ಶೇಂಗಾಕ್ಕೂ ನಾವು ತಿಳಿದಿರುವುದಕ್ಕಿಂತ ಹಳೆಯ ನಂಟಿದೆ. ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬ ಮಹಾಶಯನು ನಿರ್ಮಿಸಿದ ಎಂಜಿನ್ನು 1897ರಲ್ಲಿ ಚೆನ್ನಾಗಿ ಕೆಲಸ ಮಾಡಿ ತೋರಿಸಿತಷ್ಟೆ. 1900ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಅಂತಹದೊಂದು ಎಂಜಿನ್ನನ್ನು ಶೇಂಗಾ ಎಣ್ಣೆಯಿಂದಲೇ ಓಡಿಸಿ ತೋರಿಸಿದರು. ನಮ್ಮ ಕೆಂಪು ನೆಲದ ಕಾಯಿಗೂ ಆ ಯಂತ್ರಕ್ಕೂ ಅಂದಿನಿಂದಲೇ ಪರಿಚಯವೆಂದಾಯಿತು.

ಮಾವಂದಿರು ಎಂಜಿನ್ನನ್ನು ಮುಟ್ಟಲಿಲ್ಲ. ಬೇವಿನ ಮರದ ಕೆಳಗೆ ಕುಳಿತು, “ಹೊರಡ್ಸು ಅಳಿಯಾ” ಎಂದರು. ಅರ್ಧ ಟಾಂಕಿಯಿದ್ದ ಎಂಜಿನ್ನು ಹೊರಟು ಬಿಕ್ಕತೊಡಗಿತು. ಅವರು ಕಣ್ಣು ಮುಚ್ಚಿ ಕೇಳಿದರು. “ಪಂಪು ಬಿಡು, ಬರೀದೇ ಓಡ್ಲಿ” ಎಂದರು. ಹೊರೆಯಿಲ್ಲದೆಯೂ ಆಗಾಗ್ಗೆ ಬಿಕ್ಕಿತು. ಆಮೇಲೆ ಅವರು ಹೇಳಿದ್ದು ಇಷ್ಟು: ಬಿಕ್ಕಳಿಕೆಯಲ್ಲಿ ಎರಡು ಜಾತಿ. ಉಯ್ಯಾಲೆ ತೂಗಿದಂತೆ ಒಂದೇ ಅಳತೆಯಲ್ಲಿ ಏರಿಳಿದರೆ ಮೊದಲು ಗವರ್ನರನ್ನೂ ಅದರ ಕಡ್ಡಿಗಳನ್ನೂ ನೋಡಬೇಕು. ಕೆಮ್ಮಿದಂತೆ ಅಳತೆಯಿಲ್ಲದೆ ಬಿಕ್ಕಿದರೆ ಎಣ್ಣೆಯ ದಾರಿಯನ್ನು ನೋಡಬೇಕು. “ಇದು ಕೆಮ್ಮು. ಎಲ್ಲೋ ಗಾಳಿ ಕುಡೀತೈತೆ.”

ಇಲ್ಲಿ ಗವರ್ನರಿನ ವಿಷಯ ಎರಡು ಮಾತು ಹೇಳಬೇಕು. ಜೇಮ್ಸ್ ವಾಟನು 1788ರಲ್ಲಿ ತನ್ನ ಉಗಿಯಂತ್ರಕ್ಕೆ ಇದನ್ನು ಅಳವಡಿಸಿದನು. ತಿರುಗುವ ಎರಡು ಗುಂಡುಗಳು ವೇಗ ಹೆಚ್ಚಿದಾಗ ಹೊರಕ್ಕೆ ಸರಿದು ಉಗಿಯನ್ನು ತಗ್ಗಿಸುತ್ತವೆ. ವೇಗ ಕುಗ್ಗಿದಾಗ ಒಳಕ್ಕೆ ಸರಿದು ಉಗಿಯನ್ನು ಹೆಚ್ಚಿಸುತ್ತವೆ. ಡೀಸೆಲ್ ಎಂಜಿನ್ನಿನಲ್ಲಿ ಇದೇ ಕ್ರಮದಿಂದ ಎಣ್ಣೆಯ ಪ್ರಮಾಣವು ತಿದ್ದಲ್ಪಡುತ್ತದೆ. ತಿದ್ದುವವನು ತಡವಾಗಿ ಎಚ್ಚತ್ತು ಅತಿಯಾಗಿ ತಿದ್ದಿದರೆ ಯಂತ್ರವು ಅತ್ತಿಂದಿತ್ತ ತೂಗಾಡುವುದು. ಇದರ ಗಣಿತವನ್ನು ಮ್ಯಾಕ್ಸ್‌ವೆಲ್ ಎಂಬ ಪಂಡಿತನು 1868ರಲ್ಲಿ ವಿವರಿಸಿದ್ದಾನೆ. ನಮ್ಮ ಎಂಜಿನ್ನಿನಲ್ಲಿ ಆದದ್ದು ಹೀಗೆ: ಎಣ್ಣೆಯೊಡನೆ ಗಾಳಿಯ ಗುಳ್ಳೆಯೊಂದು ಹೋದಾಗ ಬಲ ಕುಗ್ಗುವುದು; ಪಾಪ, ಗವರ್ನರು ಹೆಚ್ಚು ಎಣ್ಣೆಗೆ ಬಾಗಿಲು ತೆರೆಯುವುದು; ಅಷ್ಟರಲ್ಲಿ ಗುಳ್ಳೆ ದಾಟಿ ತುಂಬು ಎಣ್ಣೆ ನುಗ್ಗುವುದು; ವೇಗ ಮಿತಿಮೀರಿ, ಗವರ್ನರು ಮತ್ತೆ ಬಾಗಿಲು ಮುಚ್ಚುವುದು. ತಪ್ಪು ಅದರದಲ್ಲ. ಕಿವಿ ಹಿಂಡಿಸಿಕೊಂಡದ್ದು ಮಾತ್ರ ಅದು.

ಮಾವಂದಿರ ಪರೀಕ್ಷೆಯ ಕ್ರಮವನ್ನು ನಾವು ಮರೆಯುವಂತಿಲ್ಲ. ಮೊದಲು ಹುಡುಗನು ತಂದಿದ್ದ ಕ್ಯಾನಿನಿಂದ ಡೀಸೆಲನ್ನು ಒಂದು ಗಾಜಿನ ಸೀಸೆಗೆ ಸುರಿದು ಕಟ್ಟೆಯ ಮೇಲೆ ಇಡಿಸಿದರು. ನೀರು ಬೆರೆತಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲಬೇಕು. ನಿಲ್ಲಲಿಲ್ಲ. ಆಮೇಲೆ ಫಿಲ್ಟರಿನ ತಲೆಯ ಮೇಲಿನ ಗಾಳಿ ಬಿಡುವ ತಿರುಪನ್ನು ಸಡಿಲಿಸಿ ಕೈಪಂಪನ್ನು ಒತ್ತಿಸಿದರು. ಕರೆದ ಹಾಲಿನ ನೊರೆಯಂತೆ ಗುಳ್ಳೆಗಳು ಹೊರಬಂದವು. ಕಡೆಗೆ, ಅದೇ ಕ್ಯಾನಿನ ಅದೇ ಡೀಸೆಲನ್ನು ಒಂದು ಸಣ್ಣ ಡಬ್ಬಕ್ಕೆ ಹಾಕಿಸಿ, ಡಬ್ಬವನ್ನು ಎಂಜಿನ್ನಿಗಿಂತ ಎತ್ತರಕ್ಕೆ ಕಟ್ಟಿಸಿ, ಟಾಂಕಿಯನ್ನೂ ಅದರ ಪೈಪನ್ನೂ ಬಿಟ್ಟು, ಹೊಸದೊಂದು ಕೊಳವೆಯಿಂದ ನೇರವಾಗಿ ಫೀಡ್ ಪಂಪಿಗೆ ಜೋಡಿಸಿದರು. ಗಾಳಿಯನ್ನು ಪೂರ್ತಿಯಾಗಿ ತೆಗೆಸಿ, “ಈಗ ಹೊರಡ್ಸು” ಎಂದರು.

ಎಂಜಿನ್ನು ಹೊರಟಿತು. ಒಂದು ನಿಮಿಷ, ಐದು ನಿಮಿಷ, ಹದಿನೈದು ನಿಮಿಷ. ಪುರಾಣ ಓದುವವರ ದನಿಯಂತೆ ಒಂದೇ ಸಮನೆ ಓಡಿತು. ನಮ್ಮ ತಮ್ಮನು ಸಂತೋಷದಿಂದ ಚಪ್ಪಾಳೆ ತಟ್ಟಿದನು. ನಾವು ತಟ್ಟಲಿಲ್ಲ. ಅದೇ ಡೀಸೆಲು! ಹುಡುಗನು ತಂದದ್ದೇ. ಎಂಜಿನ್ನು ಒಂದೇ ಸಮನೆ ಓಡಿದಷ್ಟೂ ನಮ್ಮ ತಲೆ ಬಾಗುತ್ತ ಹೋಯಿತು.

ಇನ್ನು ಉಳಿದದ್ದು ಟಾಂಕಿಗೂ ಪಂಪಿಗೂ ನಡುವಣ ದಾರಿ. ಮಾವಂದಿರು ರಬ್ಬರು ತುಂಡಿನ ಮೇಲೆ ಬೆರಳಾಡಿಸಿದರು. ಕ್ಲಿಪ್ಪಿನ ಕೆಳಗೆ ಒಂದು ಕಡೆ ಒದ್ದೆಯಾಗಿ ಧೂಳು ಮೆತ್ತಿಕೊಂಡಿತ್ತು. ಬಿಚ್ಚಿ ಮಡಿಸಿದರೆ ಕೂದಲೆಳೆಯಷ್ಟು ಬಿರುಕು ಬಾಯಿ ತೆರೆಯಿತು. ನೀರಿಗಾಗಿ ಮಾಡಿದ ರಬ್ಬರು ಡೀಸೆಲಿಗೆ ತಾಳುವುದಿಲ್ಲ. ಮೊದಲು ಉಬ್ಬಿ ಮೆತ್ತಗಾಗಿ, ಬಿಸಿಲಿಗೂ ಬಿಸಿಗೂ ಒಣಗಿ ಸೀಳುತ್ತದೆ. ಟಾಂಕಿ ತುಂಬಿದ್ದಾಗ ಎಣ್ಣೆಯ ಮಟ್ಟವು ಪಂಪಿಗಿಂತ ಮೇಲಿರುವುದರಿಂದ ಆ ಬಿರುಕಿನಿಂದ ಎಣ್ಣೆ ಹೊರಕ್ಕೆ ಜಿನುಗುತ್ತಿತ್ತಷ್ಟೆ. ಗಾಳಿ ಒಳಕ್ಕೆ ಬರುತ್ತಿರಲಿಲ್ಲ. ಮಟ್ಟವು ಪಂಪಿಗಿಂತ ಕೆಳಗಿಳಿದೊಡನೆ ಎಂಜಿನ್ನು ಎಣ್ಣೆಯನ್ನು ಹೀರಿ ಎಳೆಯಬೇಕಾಗುವುದು. ಆಗ ಅದೇ ಬಿರುಕಿನಿಂದ ಗಾಳಿಯು ಒಳಕ್ಕೆ ಸೇರುವುದು. ಹುಡುಗನು ಅಂದು ಹೇಳಿದ ಮಾತು ಇದೇ ಅಲ್ಲವೆ?

ಡೀಸೆಲಿಗೆಂದೇ ಮಾಡಿದ ಒಂದು ಗಜ ಕೊಳವೆ, ಎರಡು ಕ್ಲಿಪ್ಪು. ಇಷ್ಟರಿಂದ ಕೆಲಸ ಮುಗಿಯಿತು. ನಾವು ಕೆಡಿಸಿದ್ದ ಗವರ್ನರಿನ ತಿರುಪನ್ನು ಮಾತ್ರ ಪೇಟೆಯಿಂದ ಮೆಕ್ಯಾನಿಕ್ಕನ್ನು ಕರೆಸಿ, ವೇಗವನ್ನು ಅಳೆದು, ಸರಿಪಡಿಸಬೇಕಾಯಿತು. ಅವನು ಪಡೆದ ಕೂಲಿಯು ಕೊಳವೆಯ ಬೆಲೆಗಿಂತ ಬಹುಪಾಲು ಹೆಚ್ಚು. ರೋಗಕ್ಕಿಂತ ವೈದ್ಯವೇ ದುಬಾರಿಯಾಯಿತು.

ಅಂದು ರಾತ್ರಿ ಊಟಕ್ಕೆ ಮುಂಚೆಯೇ ಹುಡುಗನ ಮನೆಗೆ ಹೋದೆವು. ಅವನ ತಂದೆ ಜಗಲಿಯ ಮೇಲೆ ಕುಳಿತಿದ್ದವನು ಎದ್ದು ನಿಂತನು, ಕುಳಿತುಕೊಳ್ಳಿರೆಂದು ಹೇಳಲಿಲ್ಲ. ನಾವು ನಿಂತೇ ಹೇಳಿದೆವು: “ತಪ್ಪು ನಮ್ಮದು. ಎಣ್ಣೆಯಲ್ಲಿ ಏನೂ ಇರಲಿಲ್ಲ. ನಾವು ಹಾಕಿದ ಪೈಪೇ ಬಿರಿದಿತ್ತು.” ತಂದೆಯು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೇಳಿದ್ದು ಕಟ್ಟೆ ಮುಂದೆ” ಎಂದನು. ಅಷ್ಟೇ. ಅದರ ಅರ್ಥ ನಮಗೆ ಆಯಿತು. ಮರುದಿನ ಬೆಳಗ್ಗೆ ಅದೇ ಕಟ್ಟೆಯ ಮುಂದೆ, ಅಂದು ನಿಂತಿದ್ದವರನ್ನೇ ಕರೆದು, ಬಿರಿದ ರಬ್ಬರು ತುಂಡನ್ನು ಕೈಯಲ್ಲಿ ಹಿಡಿದು, ಅದೇ ಮಾತನ್ನು ಮತ್ತೊಮ್ಮೆ ಹೇಳಿದೆವು. ಹೇಳುವಾಗ ನಾಲಗೆ ಒಣಗಿತೆಂಬುದನ್ನು ಮುಚ್ಚಿಡುವುದಿಲ್ಲ. ಹುಡುಗನು ನಮ್ಮ ಮುಖವನ್ನು ನೋಡದೆ ಆ ತುಂಡನ್ನು ತೆಗೆದುಕೊಂಡು, ಬಿರುಕನ್ನು ಅಗಲಿಸಿ ನೋಡಿ, “ಇನ್ನೊಂದು ಕಡೇನೂ ಇದೇ ಪೈಪು ಹಾಕೈತಲ್ಲಣ್ಣಾ, ವಾಪಸ್ಸು ಬರೋ ಲೈನಿಗೆ. ಅದನ್ನೂ ಬದಲಾಯಿಸಿದ್ರಾ?” ಎಂದನು. ಬದಲಾಯಿಸಿರಲಿಲ್ಲ. ಅವನೇ ಬಂದು ಬದಲಾಯಿಸಿದನು.

ವಾಚಕರಲ್ಲಿ ಅನೇಕರ ಮನೆಗಳಲ್ಲಿ ಈಗ ಸಣ್ಣದೋ ದೊಡ್ಡದೋ ಜನರೇಟರು ಇರುವುದರಿಂದ, ಮಾವಂದಿರು ಹೊರಡುವಾಗ ಹೇಳಿದ ನಾಲ್ಕು ಮಾತುಗಳನ್ನು ಇಲ್ಲಿ ಬರೆಯುತ್ತೇವೆ. ಎಂಜಿನ್ನು ಬಿಕ್ಕಿದರೆ ಮೊದಲು ಹೊರೆಯನ್ನು ತೆಗೆಯಿರಿ, ಮೋಟರು ಉಳಿದೀತು. ಆಮೇಲೆ ಟಾಂಕಿಯಿಂದ ಆರಂಭಿಸಿ ಎಣ್ಣೆಯು ಹೋಗುವ ದಾರಿಯಲ್ಲಿಯೇ ನೀವೂ ಹೋಗಿರಿ: ಟಾಂಕಿಯ ಮುಚ್ಚಳದ ಗಾಳಿರಂಧ್ರ, ಕೊಳವೆ, ಜೋಡಣೆ, ಫಿಲ್ಟರು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿರಿ. ಇಲ್ಲದಿದ್ದರೆ ಯಾವುದರಿಂದ ಗುಣವಾಯಿತೆಂಬುದು ತಿಳಿಯದು. ಗವರ್ನರಿನ ತಿರುಪು ಕಟ್ಟಕಡೆಯದು, ಅದೂ ಬಲ್ಲವರ ಕೈಯಿಂದ. ಇದಕ್ಕೆ ನಾವು ಇನ್ನೆರಡನ್ನು ಸೇರಿಸುತ್ತೇವೆ. ಮಳೆಯೆಂದು ಜನರೇಟರನ್ನು ಮನೆಯೊಳಗಾಗಲಿ ದನದ ಕೊಟ್ಟಿಗೆಯಲ್ಲಾಗಲಿ ಎಂದಿಗೂ ಓಡಿಸಬಾರದು, ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯುವಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಮಲಗಿದವರು ಏಳುವುದಿಲ್ಲ. ಮತ್ತು ಸರಿಯಾದ ಬದಲಿ ಸ್ವಿಚ್ಚಿಲ್ಲದೆ ಮನೆಯ ತಂತಿಗೆ ಅದನ್ನು ಜೋಡಿಸಬಾರದು. ವಿದ್ಯುತ್ತು ಹಿಮ್ಮುಖವಾಗಿ ಕಂಬಕ್ಕೆ ಹರಿದು, ಲೈನು ಸತ್ತಿದೆಯೆಂದು ನಂಬಿ ಕಂಬ ಹತ್ತಿದ ಬಡಪಾಯಿಯ ಪ್ರಾಣ ತೆಗೆದೀತು.

ಶೇಂಗಾದ ಕಥೆಯೇನಾಯಿತೆಂದು ವಾಚಕರು ಕೇಳಬಹುದು. ಬೇಕಾದ ಹೊತ್ತಿಗೆ ನಾಲ್ಕು ದಿನ ನೀರು ತಪ್ಪಿತು. ಬಂದದ್ದು ಅರ್ಧ ಬೆಳೆ. ಆ ವರ್ಷ ನಮ್ಮ ಸೀಮೆಯಲ್ಲಿ ಅದೂ ಕೈಗೆ ಹತ್ತದವರು ಎಷ್ಟೋ ಮಂದಿ. ಆದಕಾರಣ ನಾವು ಗೊಣಗುವಂತಿಲ್ಲ. ಬಳೆಗಳು ಮರುವರ್ಷ ಮನೆಗೆ ಬಂದವು. ಹುಡುಗನು ನಮ್ಮಲ್ಲಿಯೇ ಇದ್ದಾನೆ. ಆದರೆ ಡೀಸೆಲ್ ತಂದಾಗಲೆಲ್ಲ, ನಾವು ಬೇಡವೆಂದರೂ ಕೇಳದೆ, ಬಂಕಿನ ಚೀಟಿಯನ್ನು ತಂದು ನಮ್ಮ ಮುಂದಿಡುತ್ತಾನೆ. ಚೀಟಿಯನ್ನು ಓದದೆ ಮಡಿಸಿ ಇಡುತ್ತೇವೆ. ಕೊಳವೆಯ ಬಿರುಕು ಒಂದು ದಿನದಲ್ಲಿ ಸರಿಹೋಯಿತು. ಈ ಚೀಟಿ ಬರುವುದು ಎಂದು ನಿಂತೀತೋ ಎಂದು ನಾವು ಕಾದಿದ್ದೇವೆ.